ಯಾರ ಪೈಕಿ? ಎಷ್ಟು ದಿನ? – ಕನ್ನಡ ಕರಾವಳಿಯ ತಂಗುಮನೆಗಳ ಕಥೆ

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬ ಗಾದೆಯನ್ನು ಶಾಲೆಯ ಪ್ರಬಂಧದಲ್ಲಿ ಬಳಸದ ಕನ್ನಡಿಗನಿರಲಿಕ್ಕಿಲ್ಲ. ಆದರೆ ದೇಶ ಸುತ್ತಲು ಹೊರಟವನು ಕತ್ತಲಾದ ಮೇಲೆ ಎಲ್ಲಿ ಮಲಗಬೇಕು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಕೋಶ ಓದುವವನಿಗೆ ಆ ಚಿಂತೆಯಿಲ್ಲ. ಅವನು ತನ್ನ ಮನೆಯ ದೀಪದ ಕೆಳಗೆ ಕುಳಿತಿರುತ್ತಾನೆ. ಸುತ್ತುವವನಿಗೆ ಮಾತ್ರ ಸಂಜೆಯಾಗುತ್ತಲೇ ಎದೆಯೊಳಗೆ ಒಂದು ಸಣ್ಣ ಕಳವಳ ಹುಟ್ಟುತ್ತದೆ. ಗುರುತಿಲ್ಲದ ಊರು, ಗುರುತಿಲ್ಲದ ಬಾಗಿಲು. ಆ ಬಾಗಿಲು ತೆರೆಯುವುದೋ ಇಲ್ಲವೋ?

ಪುಣೆಯ ನಮ್ಮ ಕನ್ನಡ ಕುಟುಂಬಗಳು ದೀಪಾವಳಿಯ ರಜೆ, ನಾತಾಳದ ರಜೆ ಬಂತೆಂದರೆ ಸಮುದ್ರದ ಕಡೆ ಮುಖ ಮಾಡುತ್ತವೆ. ಅಲಿಬಾಗ, ಗಣಪತಿಪುಳೆ, ಮಾಲವಣಗಳನ್ನು ನೋಡಿ ಮುಗಿಸಿದವರು ಇನ್ನೂ ದಕ್ಷಿಣಕ್ಕೆ ಇಳಿದು ಕಾರವಾರ, ಗೋಕರ್ಣ, ಮುರುಡೇಶ್ವರಗಳಿಗೆ ಹೋಗಿಬರುತ್ತಾರೆ. ಈಗ ಕೈಯಲ್ಲಿರುವ ಫೋನಿನಲ್ಲೇ ಕೋಣೆ ಗೊತ್ತುಮಾಡಿ, ಹಣವನ್ನೂ ಮುಂಗಡವಾಗಿ ತೆತ್ತು ಹೊರಡುವ ಕಾಲ. ಹಣ ಕೊಟ್ಟವನಿಗೆ ಕೋಣೆ ಸಿಗುವುದು ಸೃಷ್ಟಿಯ ನಿಯಮವೋ ಎಂಬಂತೆ ನಮಗೆ ತೋರುತ್ತದೆ. ಆದರೆ ನಮ್ಮ ಕರಾವಳಿಯ ಸುಮಾರು ಏಳುನೂರು ವರ್ಷಗಳ ಪ್ರವಾಸ ಕಥನಗಳನ್ನು ತಿರುವಿ ನೋಡಿದರೆ, ಪ್ರಯಾಣಿಕನಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ ‘ಎಷ್ಟು ದಿನ ಇರುತ್ತೀರಿ?’ ಎಂಬುದಾಗಿರಲಿಲ್ಲ, ‘ನೀವು ಯಾರ ಪೈಕಿ?’ ಎಂಬುದಾಗಿತ್ತು. ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಬರಲು ಎಷ್ಟು ಕಾಲ ಹಿಡಿಯಿತು, ದಾರಿಯಲ್ಲಿ ಯಾರು ಯಾರು ಹೊರಗೇ ನಿಂತರು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅರ್ಧ ಮೈಲಿಗೊಂದು ಮರದ ಮನೆ

ಮೊರಾಕ್ಕೊ ದೇಶದ ಇಬ್ನ್ ಬತೂತಾ 14ನೆಯ ಶತಮಾನದ ಮಹಾಸಂಚಾರಿ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ 1342ರ ಸುಮಾರಿಗೆ ಚೀನಾಕ್ಕೆ ಹೊರಟವನು ನಮ್ಮ ಪಶ್ಚಿಮ ಕರಾವಳಿಯಗುಂಟ ಸಾಗಿದ. ಹೊನ್ನಾವರ, ಬಾರಕೂರು, ಮಂಗಳೂರು ಮೂರೂ ಅವನ ಬರಹದಲ್ಲಿವೆ. ಹೊನ್ನಾವರದಲ್ಲಿ ಗಂಡುಮಕ್ಕಳ ಶಾಲೆಗಳು 23, ಹೆಣ್ಣುಮಕ್ಕಳ ಶಾಲೆಗಳು 13 ಇದ್ದವೆಂದು ಲೆಕ್ಕ ಕೊಟ್ಟವನು ಅವನೇ.

ಗೋವೆಯಿಂದ ಕೊಲ್ಲಮ್‌ವರೆಗಿನ ದಾರಿಯನ್ನು ಅವನು ಬಣ್ಣಿಸುವ ಬಗೆ ಸ್ವಾರಸ್ಯಕರವಾಗಿದೆ. ದಾರಿಯುದ್ದಕ್ಕೂ ಮರಗಳ ನೆರಳು. ಅರ್ಧ ಅರ್ಧ ಮೈಲಿಗೆ ಒಂದೊಂದು ಮರದ ಮನೆ. ಅದರಲ್ಲಿ ಕುಳಿತುಕೊಳ್ಳಲು ಹಲಗೆಗಳು; ಹಿಂದುವಾಗಲಿ ಮುಸಲ್ಮಾನನಾಗಲಿ ಯಾವ ಪ್ರಯಾಣಿಕನಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು. ಪಕ್ಕದಲ್ಲೊಂದು ಬಾವಿ, ನೀರು ಕೊಡಲು ಒಬ್ಬ ಹಿಂದು. ನಮ್ಮ ಹಿರಿಯರು ಅರವಟ್ಟಿಗೆ ಎಂದು ಕರೆಯುತ್ತಿದ್ದುದು ಇಂಥದನ್ನೇ. ಆದರೆ ಅವನ ಮುಂದಿನ ಮಾತನ್ನೂ ಓದಬೇಕು. ಬಂದವನು ಹಿಂದುವಾದರೆ ಪಾತ್ರೆಯಲ್ಲಿ ನೀರು. ಮುಸಲ್ಮಾನನಾದರೆ ಬೊಗಸೆಗೆ ಮೇಲಿನಿಂದ ಹೊಯ್ಯುವ ನೀರು. ಮನೆಯೊಳಗೆ ಸೇರಿಸುತ್ತಿರಲಿಲ್ಲ, ತಮ್ಮ ಪಾತ್ರೆಯಲ್ಲಿ ಉಣಬಡಿಸುತ್ತಿರಲಿಲ್ಲ. ಅನ್ನವನ್ನು ಬಾಳೆಲೆಯ ಮೇಲೆ ಬಡಿಸುತ್ತಿದ್ದರು. ರಾತ್ರಿಯ ವಸತಿಗೆ ಮುಸಲ್ಮಾನ ಪ್ರಯಾಣಿಕರು ಆಯಾ ಬಿಡಾರದ ಊರಿನಲ್ಲಿದ್ದ ತಮ್ಮ ಮತದವರ ಮನೆಗಳಲ್ಲೇ ಇಳಿಯುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಮುಸಲ್ಮಾನನೊಬ್ಬ ಆ ದಾರಿಯಲ್ಲಿ ಪ್ರಯಾಣ ಮಾಡುವುದೇ ಆಗುತ್ತಿರಲಿಲ್ಲವೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ.

ಅಂದರೆ ಕೂರಲು ಹಲಗೆ ಎಲ್ಲರಿಗೂ ಉಂಟು, ಕುಡಿಯಲು ಪಾತ್ರೆ ಕೆಲವರಿಗೆ ಮಾತ್ರ. ನಮ್ಮ ಅತಿಥಿಸತ್ಕಾರದ ಹಿರಿಮೆ, ಅದರ ಎಲ್ಲೆ ಎರಡನ್ನೂ ಒಟ್ಟಿಗೇ ಕಂಡ ಮೊದಲ ಹೊರಗಿನವರಲ್ಲಿ ಅವನೊಬ್ಬ.

ದೇವಸ್ಥಾನದ ಜಗಲಿ

ಇಬ್ನ್ ಬತೂತಾ ಸುಲ್ತಾನನ ರಾಯಭಾರಿ. ಅವನ ಹಿಂದೆ ಒಂದು ದೊಡ್ಡ ಹೆಸರಿತ್ತು. ಸ್ವಂತ ಖರ್ಚಿನಲ್ಲಿ, ಬರೀ ನೋಡುವ ಆಸೆಗಾಗಿ ತಿರುಗಿದವನು ಬೇಕೆಂದರೆ 1623ರಲ್ಲಿ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆಯನ್ನು ನೋಡಬೇಕು. ರೋಮ್ ನಗರದ ಈ ಶ್ರೀಮಂತ ವ್ಯಾಪಾರಿಯೂ ಅಲ್ಲ, ಸಿಪಾಯಿಯೂ ಅಲ್ಲ, ಪಾದ್ರಿಯೂ ಅಲ್ಲ. ಪರ್ಷಿಯಾದಲ್ಲಿ 1621ರಲ್ಲಿ ತೀರಿಕೊಂಡ ತನ್ನ ಹೆಂಡತಿ ಮಾನಿಯ ದೇಹವನ್ನು ಕೆಡದಂತೆ ಕಾಪಾಡಿ, ಕೊನೆಗೆ ರೋಮ್‌ಗೆ ಒಯ್ದು ಮಣ್ಣುಮಾಡಿದ ವಿಚಿತ್ರ ಪ್ರೇಮಿ.

ಗೋವೆಯಿಂದ ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ತುಗೀಜ ರಾಯಭಾರದ ಜೊತೆ ಸೇರಿಕೊಂಡು ಅವನು ಹೊನ್ನಾವರಕ್ಕೆ ಬಂದ. ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಘಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ, ನಾಲ್ಕು ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ಲೆಕ್ಕವನ್ನು ರಾಗವಾಗಿ ಹೇಳುತ್ತ, ಬೆರಳಿನಿಂದ ಅದೇ ಅಂಕಿಯನ್ನು ಮರಳಲ್ಲಿ ಬರೆಯುತ್ತಿದ್ದುದನ್ನು ಕಂಡ. ಕಾಗದ ಬೇಡ, ಮಸಿ ಬೇಡ, ಎದುರಿಗೆ ಮಾಸ್ತರೂ ಇಲ್ಲ. ಈ ನೋಟವನ್ನು ಅವನು ಮೆಚ್ಚಿ ಬರೆದಿದ್ದಾನೆ. ಅದೇ ಪ್ರವಾಸದಲ್ಲಿ ಮುಂದೆ ಮಂಗಳೂರಿನ ಬಳಿ ಉಳ್ಳಾಲದ ರಾಣಿಯನ್ನು ಕಂಡಾಗ, ಆಕೆ ಕಾಲ್ನಡಿಗೆಯಲ್ಲಿ ಬಂದು ಕಾಲುವೆ ತೋಡುವ ಕೆಲಸವನ್ನು ನೋಡಿಕೊಳ್ಳುತ್ತಿದ್ದಳಂತೆ.

ಊರಿನ ಜೀವನ ಕಣ್ಣಿಗೆ ಬೀಳುವುದು ಜಗಲಿಯ ಮೇಲೆ ಕುಳಿತವನಿಗೇ. ಜಗಲಿಯೆಂಬುದು ನಮ್ಮ ನಾಡಿನ ಅತ್ಯಂತ ಹಳೆಯ ವಸತಿಗೃಹ. ಆದರೆ ಅದಕ್ಕೊಂದು ಹೊಸ್ತಿಲಿದೆ; ಹೊಸ್ತಿಲಿನ ಈಚೆಗೆ ಮಾತ್ರ ಎಲ್ಲರೂ. ಆ ಜಗಲಿಯವರೆಗೂ ಬರಲಾಗದೆ ಬೀದಿಯಲ್ಲೇ ನಿಲ್ಲಬೇಕಾದವರು ಬಹಳ ಜನರಿದ್ದರೆಂಬುದನ್ನು ಮರೆಯಬಾರದು.

ಛತ್ರ, ಧರ್ಮಶಾಲೆ, ಮಠಗಳ ಮಾತೂ ಹೀಗೆಯೇ. ಉಡುಪಿಯ ಮಠಗಳಲ್ಲಿ ಬಂದವರಿಗೆ ಊಟ; ಗೋಕರ್ಣಕ್ಕೆ ಹೋದ ಯಾತ್ರಿಕನಿಗೆ ತನ್ನ ಮನೆತನಕ್ಕೆ ಗೊತ್ತಿದ್ದ ಭಟ್ಟರ ಮನೆಯಲ್ಲಿ ಚಾಪೆ, ಚೆಂಬು. ದುಡ್ಡಿಗಿಂತ ಗುರುತು ದೊಡ್ಡದು. ಈ ಏರ್ಪಾಡನ್ನು ಹಗುರವಾಗಿ ಕಾಣಬಾರದು. ನಮ್ಮಲ್ಲೇ ಎಷ್ಟು ಜನ ಪುಣೆಗೆ ಬಂದ ಮೊದಲ ರಾತ್ರಿಯನ್ನು ಹೋಟೆಲಿನಲ್ಲಿ ಕಳೆದಿದ್ದೇವೆ? ದೂರದ ಸಂಬಂಧದ ಕಾಕಾನ ಮನೆಯ ಪಡಸಾಲೆಯಲ್ಲೋ, ಊರಿನವರೊಬ್ಬರ ಖೋಲಿಯಲ್ಲಿ ಐದನೆಯವನಾಗಿಯೋ ಹಾಸಿಗೆ ಬಿಚ್ಚಿದವರೇ ಹೆಚ್ಚು. ‘ಯಾರ ಪೈಕಿ?’ ಎಂಬ ಪ್ರಶ್ನೆಗೆ ಉತ್ತರವಿದ್ದವನಿಗೆ ಅದು ತಾಯಿಯ ಮಡಿಲು. ಉತ್ತರವಿಲ್ಲದವನಿಗೆ ಮುಚ್ಚಿದ ಬಾಗಿಲು.

ಮುಸಾಫಿರಿ ಬಂಗಲೆ

1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕಲೆಕ್ಟರರು, ಇಂಜಿನಿಯರರು, ಅರಣ್ಯಾಧಿಕಾರಿಗಳು ಊರೂರು ತಿರುಗಬೇಕಲ್ಲ! ಅವರಿಗಾಗಿ ಎದ್ದದ್ದು ಮುಸಾಫಿರಿ ಬಂಗಲೆ. ಊರ ಹೊರಗಿನ ಎತ್ತರದ ಜಾಗ, ಸುತ್ತ ಜಗಲಿ, ಹಿಂದೆ ಅಡಿಗೆಮನೆ, ಬಟ್ಲರ್ ಒಬ್ಬ, ಸಹಿ ಮಾಡಲು ಒಂದು ಪುಸ್ತಕ. ಇಲ್ಲಿ ‘ಯಾವ ಜಾತಿ?’ ಎಂಬುದಕ್ಕಿಂತ ‘ಯಾವ ಹುದ್ದೆ?’ ಎಂಬುದು ಮುಖ್ಯ. ಸರಕಾರಿ ಕೆಲಸದ ಮೇಲೆ ಬಂದ ಸಾಹೇಬನಿಗೆ ಮೊದಲ ಹಕ್ಕು. ಉಳಿದವನು ಕೋಣೆ ಹಿಡಿದಿದ್ದರೂ ದೊಡ್ಡವನು ಬಂದರೆ ಗಂಟುಮೂಟೆ ಕಟ್ಟಬೇಕು. ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಈ ಪದ್ಧತಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ದರ್ಜೆ ನೋಡಿ ಕೋಣೆ ಕೊಡುವ ಅಭ್ಯಾಸ ಸಾಹೇಬರ ಜೊತೆ ಹಡಗು ಹತ್ತಿ ಹೋಗಲಿಲ್ಲ.

ಇದೇ ಅಧಿಕಾರಿವರ್ಗದ ಒಂದು ಮನೆಯಲ್ಲಿ ಕಾರವಾರದ ಅತಿ ಪ್ರಸಿದ್ಧ ಅತಿಥಿ ಇಳಿದುಕೊಂಡದ್ದು. ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಅವರ ಕಿರಿಯ ತಮ್ಮ ರವೀಂದ್ರನಾಥರು ಬಂದು ಕೆಲಕಾಲ ಇದ್ದರು. ಆಗ ಅವರಿಗೆ 22 ವರ್ಷ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದದ್ದು ಅಲ್ಲಿಯೇ. ಅರ್ಧಚಂದ್ರಾಕಾರದ ಕಡಲತಡಿ, ಗಾಳಿಮರಗಳ ತೋಪು, ಕಾಳಿ ನದಿಯ ಮುಖ ಎಲ್ಲವನ್ನೂ ಅವರು ಮುಂದೆ ತಮ್ಮ ನೆನಪುಗಳ ಪುಸ್ತಕದಲ್ಲಿ ಪ್ರೀತಿಯಿಂದ ಬರೆದಿದ್ದಾರೆ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ನದಿಯ ಮೇಲುಗಡೆ ಹೋದವರು, ಶಿವಾಜಿಯ ಕಾಲದ ಒಂದು ಬೆಟ್ಟದ ಕೋಟೆಯ ಬಳಿ ಇಳಿದು, ಒಬ್ಬ ರೈತನ ಮನೆಯ ಗುಡಿಸಿ ಸ್ವಚ್ಛವಾಗಿಟ್ಟ ಅಂಗಳದಲ್ಲಿ ಕುಳಿತು, ತಾವು ಒಯ್ದಿದ್ದ ಬುತ್ತಿ ಬಿಚ್ಚಿ ಉಂಡರಂತೆ. ಹೆಸರೂ ತಿಳಿಯದ ಆ ರೈತನ ಅಂಗಳವನ್ನು ನಾನು ನಮ್ಮ ಕರಾವಳಿಯ ಒಳ್ಳೆಯ ತಂಗುದಾಣಗಳ ಪಟ್ಟಿಗೆ ಸೇರಿಸುತ್ತೇನೆ. ಕಾರವಾರದ ಕಡಲತೀರಕ್ಕೆ ಇಂದು ರವೀಂದ್ರನಾಥರ ಹೆಸರಿದೆ.

ಕಾರವಾರದಲ್ಲಿ ದೊಡ್ಡ ಹೋಟೆಲು ಏಕೆ ಏಳಲಿಲ್ಲ?

ಅದೇ ಕಾಲದಲ್ಲಿ ಜಗತ್ತಿನ ಇತರ ಬಂದರುಗಳಲ್ಲಿ ಕಡಲಿಗೆ ಮುಖ ಮಾಡಿದ ಭಾರಿ ಹೋಟೆಲುಗಳು ಏಳುತ್ತಿದ್ದವು. ಕೊಲಂಬೊದಲ್ಲಿ ಗಾಲ್ ಫೇಸ್ ಹೋಟೆಲು 1864ರಲ್ಲಿ, ಸಿಂಗಪುರದಲ್ಲಿ ರಾಫಲ್ಸ್ 1887ರಲ್ಲಿ, ಮುಂಬಯಿಯಲ್ಲಿ ಜಮಶೇಟಜಿ ಟಾಟಾ ಅವರ ತಾಜಮಹಲ್ ಹೋಟೆಲು 1903ರ ಡಿಸೆಂಬರ್ 16ರಂದು ಬಾಗಿಲು ತೆರೆದವು. ಉಗಿಹಡಗು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಹಡಗಿನಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಬದಲಿಸುವ ಜನ ಸಾವಿರಾರು. ಅವರಿಗೆ ಒಂದೆರಡು ರಾತ್ರಿಯ ವಸತಿ ಬೇಕಿತ್ತು. ಕಡಲ ತಡಿಯ ಹೋಟೆಲು ಎಂಬುದು ಹಡಗು ಮತ್ತು ರೈಲಿನ ಕೂಸು.

ಕಾರವಾರಕ್ಕೂ ಈ ಭಾಗ್ಯ ಬರುವುದರಲ್ಲಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗದಾಯಿತು. ಆಗ ಎಲ್ಲರ ಕಣ್ಣೂ ನಮ್ಮ ಧಾರವಾಡದ ಹತ್ತಿಯ ಮೇಲೆ. ಆ ಹತ್ತಿಯನ್ನು ಸಾಗಿಸಲು ಕಾರವಾರದ ಸಹಜ ಬಂದರೇ ತಕ್ಕದ್ದೆಂದು ಬಗೆದು, 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1864ರಲ್ಲಿ ದೇವಗಡ ದ್ವೀಪದಲ್ಲಿ ದೀಪಸ್ತಂಭವೂ ಬೆಳಗಿತು. ಆದರೆ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು; ಘಟ್ಟ ಇಳಿದು ಬರಬೇಕಾಗಿದ್ದ ರೈಲು ಬರಲೇ ಇಲ್ಲ. 1888ರ ವೇಳೆಗೆ ರೈಲುದಾರಿ ಕ್ಯಾಸಲ್ ರಾಕ್ ಮೂಲಕ ಗೋವೆಯ ಮುರಗಾಂವ ಬಂದರಿಗೆ ಇಳಿಯಿತು; ಧಾರವಾಡದ ಹತ್ತಿ ಅತ್ತ ಹೋಯಿತು. ಕಾರವಾರ ಚಿಕ್ಕ ಊರಾಗಿಯೇ ಉಳಿಯಿತು. ನಮ್ಮ ಊರಿನ ಕಡೆಯ ಹತ್ತಿಯ ಅಂಡಿಗೆಗಳು ಆ ದಾರಿ ಹಿಡಿದಿದ್ದರೆ ಕಾರವಾರದ ಕಡಲತಡಿಯಲ್ಲೂ ಒಂದು ‘ತಾಜ್’ ಎದ್ದಿರುತ್ತಿತ್ತೋ ಏನೋ!

ಹೀಗಾಗಿ ಕನ್ನಡ ಕರಾವಳಿಗೆ ಬರುವವರು ಬಹುಕಾಲ ಮುಂಬಯಿಯಿಂದ ಸ್ಟೀಮರಿನಲ್ಲಿ ಬಂದರು. ಮಳೆಗಾಲದಲ್ಲಿ ಅದೂ ಇಲ್ಲ. ಹಡಗು ದೂರದಲ್ಲಿ ಲಂಗರು ಹಾಕಿದರೆ, ದೋಣಿಗಳು ಹೋಗಿ ಜನರನ್ನೂ ಟ್ರಂಕುಗಳನ್ನೂ ದಡಕ್ಕೆ ತರುತ್ತಿದ್ದವು. ರಸ್ತೆಯಲ್ಲಿ ಹೋಗುವವನಿಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಒಂದಾದ ಮೇಲೊಂದು ಅಡ್ಡ, ಪ್ರತಿಯೊಂದಕ್ಕೂ ಕಾಯಬೇಕು. ಮಂಗಳೂರಿಗೆ 1907ರಲ್ಲಿ ದಕ್ಷಿಣದಿಂದ ರೈಲು ಬಂತು. ಉತ್ತರ ಕನ್ನಡದ ತೀರಕ್ಕೆ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಅದರ ಸೇತುವೆ ಸುಮಾರು 2 ಕಿಲೋಮೀಟರು ಉದ್ದ. ದೆಲ್ಲಾ ವಾಲ್ಲೆಯ ದೋಣಿ ಸಾಗಿದ ನದಿಯನ್ನು ಇಂದಿನ ರೈಲು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ.

ಬೋರ್ಡು ಹಾಕಿದ ಕಾಲ

ಕರಾವಳಿಯಲ್ಲಿ ದೊಡ್ಡ ಹೋಟೆಲು ಏಳದಿದ್ದರೇನು, ಕರಾವಳಿಯವರು ಊರೂರಿಗೆ ಹೋಗಿ ಹೋಟೆಲು ತೆರೆದರು. ಇದು ನಮ್ಮ ಚರಿತ್ರೆಯ ಒಂದು ಸೋಜಿಗ. ಕೈಗೆ ನೆಲ ಸಾಲದು, ಮನೆಯಲ್ಲಿ ಮಕ್ಕಳು ಹೆಚ್ಚು. ಅದರ ಮೇಲೆ 1923ರ ಭೀಕರ ನೆರೆ. ಉಡುಪಿಯ ಸುತ್ತಲಿನ ಹುಡುಗರು ಮದ್ರಾಸು, ಬೆಂಗಳೂರು, ಮುಂಬಯಿ, ಪುಣೆಗಳ ದಾರಿ ಹಿಡಿದರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹವೇ ಮುಂದೆ ಎಂ.ಟಿ.ಆರ್. ಎಂದು ಖ್ಯಾತವಾಯಿತು. ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ಆರಂಭವಾಯಿತು. ಅಲ್ಲಿ ಊಟದ ಜೊತೆಗೆ ವಸತಿಯೂ ಉಂಟು. 1942ರಲ್ಲಿ ರಾಮ ನಾಯಕರು ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ನಮ್ಮ ಪುಣೆಯಲ್ಲಿ ಲಕ್ಷ್ಮೀ ರಸ್ತೆಯ ಪೂನಾ ಗೆಸ್ಟ್ ಹೌಸನ್ನು 1935ರಲ್ಲಿ ಸರಪೋತದಾರರು ತೆರೆದರು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯ ಮುಂದೆ ಸಾಲು ನಿಂತವರಿಗೆಲ್ಲ ತಿಳಿದಂತೆ, ಅದನ್ನು ಕಟ್ಟಿ ಬೆಳೆಸಿ 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟರೂ ಕರಾವಳಿಯಿಂದ ಬಂದವರೇ.

ಆದರೆ ಒಂದು ಮಾತು. ಮಯ್ಯ ಸಹೋದರರ ಆ ಮೊದಲ ಹೋಟೆಲಿನ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್’. ಆ ಕಾಲಕ್ಕೆ ಅದು ವಿಶೇಷವೇನಲ್ಲ; ಅಂಥ ಬೋರ್ಡುಗಳು ಊರೂರಲ್ಲಿ ಇದ್ದವು. ಒಳಗೆ ಬೇರೆ ಪಂಕ್ತಿ, ಹೊರಗೆ ಬೇರೆ ಲೋಟ. ಮದ್ರಾಸಿನಲ್ಲಿ ಹೋಟೆಲುಗಳ ಫಲಕದಿಂದ ‘ಬ್ರಾಹ್ಮಣ’ ಎಂಬ ಶಬ್ದ ಹೋಗಬೇಕೆಂದು ಪೆರಿಯಾರರು 1957ರಲ್ಲೂ ಚಳವಳಿ ಹೂಡಬೇಕಾಯಿತು. ಹಣ ಕೊಟ್ಟರೂ ಪ್ರಶ್ನೆ ಮಾತ್ರ ಹಳೆಯದೇ – ಯಾರ ಪೈಕಿ?

ಈ ಪ್ರಶ್ನೆಯ ಏಟು ಎಂಥದೆಂದು ತಿಳಿಯಲು ಡಾ. ಅಂಬೇಡ್ಕರರ ಜೀವನದ ಒಂದು ಪ್ರಸಂಗ ಸಾಕು. ನ್ಯೂಯಾರ್ಕ್, ಲಂಡನ್ನುಗಳಲ್ಲಿ ಓದಿ ಬಂದು, 1917ರಲ್ಲಿ ಬಡೋದೆ ಸಂಸ್ಥಾನದ ಕೆಲಸಕ್ಕೆ ಹೋದ ಅವರಿಗೆ ಊರಿನಲ್ಲಿ ಇಳಿಯಲು ಜಾಗವಿರಲಿಲ್ಲ. ಪಾರಸಿಗಳಿಗೆಂದೇ ಇದ್ದ ಒಂದು ವಸತಿಗೃಹದಲ್ಲಿ ಪಾರಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಗುಂಪೊಂದು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ತಾಕೀತು ಮಾಡಿತು. ಗುರುತಿನ ಇಬ್ಬರು ಗೆಳೆಯರೂ ಮನೆಯಲ್ಲಿಟ್ಟುಕೊಳ್ಳಲು ಹಿಂಜರಿದರು. ಅವರು ಒಂದು ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ರೈಲಿಗೆ ಮುಂಬಯಿಗೆ ಮರಳಿದರು. ಆಗ ಅವರಿಗೆ ಸುಮಾರು 26 ವರ್ಷ; ಕೈಯಲ್ಲಿ ವಿದೇಶದ ಪದವಿ, ಕಿಸೆಯಲ್ಲಿ ಬಾಡಿಗೆಯ ಹಣ. ಎರಡೂ ಒಂದು ಕೋಣೆಯನ್ನು ಕೊಡಿಸಲಿಲ್ಲ.

ಅದೇ ಅಂಬೇಡ್ಕರರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 15ನೆಯ ವಿಧಿಯ ಎರಡನೆಯ ಖಂಡವನ್ನು ನಾವು ಒಮ್ಮೆಯಾದರೂ ಓದಬೇಕು. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಗೆ ಬಾರದಂತೆ ತಡೆಯಕೂಡದು. ಸಾರ್ವಜನಿಕರಿಗಾಗಿರುವ ಬಾವಿ, ಕೆರೆಗಳನ್ನು ಬಳಸದಂತೆಯೂ ತಡೆಯಕೂಡದು. ಹೋಟೆಲು, ಬಾವಿ ಎರಡೂ ಒಂದೇ ಖಂಡದಲ್ಲಿ! ಇಬ್ನ್ ಬತೂತಾ ಕಂಡ ಬಾವಿಕಟ್ಟೆಯ ಎರಡು ಬಗೆಯ ನೀರಿಗೆ ಆರುನೂರು ವರ್ಷಗಳ ಮೇಲೆ ಬಂದ ಉತ್ತರವಿದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಬಿಡಿಸಿ ಹೇಳಿತು. ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳ ಹೆಸರನ್ನೆತ್ತಿ, ಅಲ್ಲಿ ತಡೆಯುವುದನ್ನು ಶಿಕ್ಷಾರ್ಹ ಅಪರಾಧವೆಂದಿತು.

ಒಬ್ಬರೇ ಏನು?

ಕೇಂದ್ರ ಸರಕಾರಿ ನೌಕರರಿಗೆ ರಜಾ ಪ್ರವಾಸ ರಿಯಾಯಿತಿ ಎಂಬ ವರವನ್ನು ಸರಕಾರದ ಆದೇಶವೊಂದು ಕೊಟ್ಟಿತು. ಅದು ಹೋಗಿಬರುವ ಟಿಕೆಟ್ಟಿನ ಹಣ ಕೊಡುತ್ತದೆ. ಉಳಿದುಕೊಳ್ಳುವ ಖರ್ಚು ಅವರವರದೇ. ಆದ್ದರಿಂದ ನನ್ನಂಥವರು ಊರಿಗೆ ಇಳಿದ ಮೇಲೆ ಕೈಗೆಟಕುವ ಹಳೆಯ ಲಾಡ್ಜನ್ನು ಹುಡುಕುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಸಲ ನಾನು ಒಬ್ಬನೇ ಕರಾವಳಿಗೆ ಹೋಗಿದ್ದೆ. ನಾನು ಘಟ್ಟದ ಮೇಲಿನವನು. ಅಲ್ಲಿ ನನಗೆ ನೆಂಟರಿಲ್ಲ, ಭಟ್ಟರಿಲ್ಲ, ಪರಿಚಯದ ಅಧಿಕಾರಿಯೂ ಇಲ್ಲ. ಹೊಸದಾಗಿ ಬಣ್ಣ ಬಳಿದ ಒಂದು ಲಾಡ್ಜಿನ ಕೌಂಟರಿನಲ್ಲಿದ್ದ ಹುಡುಗ ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, “ಒಬ್ಬರೇ ಏನು?” ಎಂದ. ಹೌದೆಂದೆ. “ಫ್ಯಾಮಿಲಿ ಇದ್ರೆ ಕೊಡಬಹುದಿತ್ತು ಸರ್. ಒಬ್ಬರಿಗೆ ಕೊಡಬೇಡ ಅಂತ ಮಾಲೀಕರು ಹೇಳಿದ್ದಾರೆ” ಎಂದ. ಕಚೇರಿಯ ಗುರುತಿನ ಚೀಟಿ ತೋರಿಸಿದರೂ ಪ್ರಯೋಜನವಾಗಲಿಲ್ಲ. ಒಂಟಿಯಾಗಿ ಬಂದವನು ಕೋಣೆಯಲ್ಲಿ ಏನಾದರೂ ಮಾಡಿಕೊಂಡರೆ ಪೊಲೀಸು, ಪಂಚನಾಮೆ ಎಂಬ ಭಯವಂತೆ. ಬಾಗಿಲಲ್ಲಿದ್ದ ಆಟೋದವನು ನಗುತ್ತ ವಿವರಿಸಿದ.

ಅವನೇ ನನ್ನನ್ನು ಒಂದು ಹಳೆಯ ಲಾಡ್ಜಿಗೆ ಕರೆದೊಯ್ದ. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚು, ಕಡಲ ಕಡೆಗೆ ಉದ್ದನೆಯ ಜಗಲಿ. ಮೇಜಿನ ಹಿಂದೆ ಕುಳಿತಿದ್ದ ವಯಸ್ಸಾದವರು ಕನ್ನಡಕ ಸರಿಪಡಿಸಿಕೊಂಡು, ದಪ್ಪ ರಿಜಿಸ್ಟರನ್ನು ನನ್ನತ್ತ ತಿರುಗಿಸಿ ಕೇಳಿದ್ದು ಒಂದೇ ಮಾತು: “ಎಷ್ಟು ದಿನ?”

ವಿಜ್ಞಾನ ಓದಿದವನಾದ್ದರಿಂದ ಆ ಕಟ್ಟಡದ ಬಗ್ಗೆ ಎರಡು ಮಾತು ಹೇಳದಿರಲಾರೆ. ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ನೀರು ತಡವಾಗಿ. ಆದ್ದರಿಂದ ಮಧ್ಯಾಹ್ನ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿದು ಗಾಳಿ ದಡದಿಂದ ಕಡಲಿಗೆ ತಿರುಗುತ್ತದೆ. ಹಳೆಯ ಮೇಸ್ತ್ರಿಗಳು ಈ ತತ್ತ್ವವನ್ನು ಪುಸ್ತಕದಲ್ಲಿ ಓದಿರಲಿಲ್ಲ. ಆದರೆ ಕೋಣೆಯ ಎರಡು ಕಡೆಗೂ ಎದುರುಬದುರಾಗಿ ಬಾಗಿಲಿಟ್ಟು ಎರಡು ಗಾಳಿಗೂ ದಾರಿ ಮಾಡಿದ್ದರು. ಹೆಂಚುಗಳ ಸಂದಿನಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಹೆಂಚು ಪಶ್ಚಿಮ ತೀರದ ಎಲ್ಲ ಮಾಡುಗಳನ್ನು ಹೊದಿಸಿತು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದೆಂದು ಕಿಟಕಿಗೆ ಮರದ ಸರಳು, ಗೋಡೆಗೆ ಮರದ ಗೂಟ. ಆ ರಾತ್ರಿ ಫ್ಯಾನು ಹಾಕದೆ ಮಲಗಿ, ಅಲೆಗಳ ಸದ್ದು ಕೇಳುತ್ತ ನಿದ್ದೆಹೋದೆ. ಬೆಳಿಗ್ಗೆ ಜಗಲಿಯಲ್ಲಿ ಚಹಾ ಕುಡಿಯುತ್ತ ಕುಳಿತರೆ, ಮೀನು ಬುಟ್ಟಿಯ ಹೆಂಗಸರು, ಶಾಲೆಯ ಮಕ್ಕಳು, ಬಲೆ ಒಣಗಿಸುವವರು ಎಲ್ಲರೂ ಕಣ್ಣೆದುರಿಗೆ. ದೆಲ್ಲಾ ವಾಲ್ಲೆ ಜಗಲಿಯಲ್ಲಿ ಕುಳಿತು ಕಂಡ ಸುಖ ಇಂಥದೇ ಇರಬೇಕು.

ಉಳಿದಿರುವ ಬಾಗಿಲುಗಳು

ಇಂಥ ಹಳೆಯ ಲಾಡ್ಜುಗಳು ಈಗ ಒಂದೊಂದಾಗಿ ಕೆಡವಲ್ಪಡುತ್ತಿವೆ. ಅವುಗಳ ಜಾಗದಲ್ಲಿ ಗಾಜು ಹಚ್ಚಿದ ಕಟ್ಟಡಗಳು ಏಳುತ್ತಿವೆ. ಅದಕ್ಕಾಗಿ ಕಣ್ಣೀರು ಸುರಿಸಬೇಕೆಂದು ನಾನು ಹೇಳುತ್ತಿಲ್ಲ. ಹಳೆಯದರಲ್ಲಿ ಸೋರುವ ಮಾಡೂ ಇತ್ತು, ಹಜಾರದ ಕೊನೆಯಲ್ಲಿ ಎಲ್ಲರಿಗೂ ಒಂದೇ ಕಕ್ಕಸೂ ಇತ್ತು. ಉಳಿಯಬೇಕಾದದ್ದು ಗೋಡೆಯಲ್ಲ, ಆ ವೃದ್ಧರ ಒಂದೇ ಪ್ರಶ್ನೆ. ಏಕೆಂದರೆ ‘ಯಾರ ಪೈಕಿ?’ ಎಂಬುದು ಇನ್ನೂ ಬೇರೆ ಬೇರೆ ವೇಷದಲ್ಲಿ ಕೌಂಟರಿನ ಹಿಂದೆ ಕುಳಿತಿದೆ. ಒಂಟಿ ಗಂಡಸಿಗೆ ಸಿಕ್ಕ ಉತ್ತರ ನನ್ನ ಅನುಭವಕ್ಕೆ ಬಂತು. ಒಂಟಿ ಹೆಂಗಸೊಬ್ಬಳು ರಾತ್ರಿ ಎಂಟು ಗಂಟೆಗೆ ಚೀಲ ಹಿಡಿದು ಬಂದರೆ ಅವಳನ್ನು ನೋಡುವ ನೋಟವೇ ಬೇರೆ. ಸಂವಿಧಾನದ ಆ ಖಂಡದಲ್ಲಿ ‘ಲಿಂಗ’ ಎಂಬ ಶಬ್ದ ಸ್ಪಷ್ಟವಾಗಿದ್ದರೂ ಹಾಗೆ. ನಮ್ಮ ಹೆಣ್ಣುಮಕ್ಕಳು ಇಂದು ಕಂಪನಿಗಳ ಕೆಲಸಕ್ಕಾಗಿ ಗೊತ್ತಿಲ್ಲದ ಊರುಗಳಿಗೆ ಒಬ್ಬೊಬ್ಬರೇ ಹೋಗುತ್ತಾರೆ; ಇದು ಯಾರದೋ ಮನೆಯ ಮಾತಲ್ಲ. ಇನ್ನು ಹೆಸರು ನೋಡಿ ‘ರೂಮು ಖಾಲಿ ಇಲ್ಲ’ ಎನ್ನುವ ಜಾಣತನವನ್ನು ಹೇಳಬೇಕಾಗಿಯೇ ಇಲ್ಲ.

ಪುಣೆಯ ಕನ್ನಡಿಗರಾದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಈ ಊರಿಗೆ ಬಂದು ಬಾಡಿಗೆ ಮನೆ ಹುಡುಕುವಾಗ ಅರ್ಧ ತೆರೆದ ಬಾಗಿಲಿನಿಂದ ‘ಆಡನಾವ ಕಾಯ?’ ಎಂಬ ಪ್ರಶ್ನೆಯನ್ನು ಕೇಳದವರು ನಮ್ಮಲ್ಲಿ ಎಷ್ಟು ಜನ? ಅಡ್ಡಹೆಸರು ಹೇಳಿದ ಮೇಲೆ ಬಾಗಿಲು ಪೂರ್ತಿ ತೆರೆದದ್ದೂ ಉಂಟು, ಮೆಲ್ಲಗೆ ಮುಚ್ಚಿದ್ದೂ ಉಂಟು. ಇಂದು ನಮ್ಮಲ್ಲಿ ಅನೇಕರು ಸ್ವಂತ ಫ್ಲ್ಯಾಟಿನ ಒಡೆಯರು. ಒಂದನ್ನು ಬಾಡಿಗೆಗೆ ಕೊಟ್ಟವರೂ ಇದ್ದಾರೆ. ಈಗ ಕೌಂಟರಿನ ಆಚೆ ನಾವಿದ್ದೇವೆ.

1867ರ ಸರಾಯಿ ಕಾಯಿದೆ ವಸತಿಗೃಹದ ಒಡೆಯನಿಗೆ ಕೆಲವು ಕರ್ತವ್ಯಗಳನ್ನು ವಿಧಿಸಿತ್ತು: ಕೋಣೆ, ಜಗಲಿ, ಬಾವಿಗಳನ್ನು ಸ್ವಚ್ಛವಾಗಿಡಬೇಕು, ಮಾಡು ದುರಸ್ತಿ ಮಾಡಿಸಬೇಕು, ಕಾವಲುಗಾರನನ್ನಿಡಬೇಕು, ದರದ ಪಟ್ಟಿಯನ್ನು ತೂಗುಹಾಕಬೇಕು. ನೋಡಿದರೆ ಒಳ್ಳೆಯ ಹೋಟೆಲಿಗೆ ಇಷ್ಟೇ ಸಾಕು. ಆ ಹಳೆಯ ಲಾಡ್ಜಿನ ರಿಜಿಸ್ಟರಿನಲ್ಲೂ ಅಂಕಣಗಳು ಕೆಲವೇ: ಹೆಸರು, ವಿಳಾಸ, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಎಷ್ಟು ದಿನ, ಸಹಿ. ‘ಯಾರ ಪೈಕಿ’ ಎಂಬ ಅಂಕಣ ಅದರಲ್ಲಿರಲಿಲ್ಲ. ಆ ಅಂಕಣವನ್ನು ಅಳಿಸಲು ಈ ದೇಶಕ್ಕೆ ಬಹಳ ಕಾಲ ಹಿಡಿಯಿತು. ಈ ರಜೆಯಲ್ಲಿ ಸಮುದ್ರದ ಕಡೆ ಹೊರಡುವ ಮಿತ್ರರು ರಿಜಿಸ್ಟರಿಗೆ ಸಹಿ ಹಾಕುವಾಗ ಒಂದು ಕ್ಷಣ ಇದನ್ನು ನೆನೆಯಲಿ. ಹಿಂದಿರುಗಿದ ಮೇಲೆ ತಮ್ಮ ಮನೆಯ ಗಂಟೆ ಒತ್ತಿ ನಿಂತ ಅಪರಿಚಿತನ ಮುಂದೆಯೂ ನೆನೆಯಲಿ.